ಜಪಾನೀ ಅಲೆಗೆರೆಗೆ ಎರಡು ನಂಬರ್: ನನ್ನ ಹುಡುಕಾಟದ ಪ್ರೋಗ್ರಾಂ ಎಲ್ಲಿಗೆ ಬಂತು

ಹಳೆಯ ಜಪಾನೀ ಪಠ್ಯ ಫೈಲುಗಳಲ್ಲಿ ಹುಡುಕುವ ನನ್ನ ಪುಟ್ಟ ಪ್ರೋಗ್ರಾಂನಲ್ಲಿ ಈ ವಾರ ಪೂರ್ತಿ ಒಂದೇ ಚಿಹ್ನೆಯ ಕೆಲಸ ಆಯಿತು. ಅದು 〜, ಅಂದರೆ ವೇವ್ ಡ್ಯಾಶ್; ನಾನು ಅಲೆಗೆರೆ ಅನ್ನುತ್ತೇನೆ. ಜಪಾನೀ ಬರಹದಲ್ಲಿ ಇದು ಎಲ್ಲೆಲ್ಲೂ ಸಿಗುತ್ತದೆ. ಅಂಗಡಿ ಹತ್ತರಿಂದ ಆರರವರೆಗೆ ತೆರೆದಿರುತ್ತದೆ ಅನ್ನೋದಕ್ಕೆ ಎರಡು ಅಂಕಿಗಳ ನಡುವೆ ಇದನ್ನು ಹಾಕಿದರೆ ಸಾಕು. ಟೋಕಿಯೊದಿಂದ ಒಸಾಕಾಗೆ ಹೋಗುವ ರೈಲಿಗೂ ಇದೇ. ಗೆಳೆಯರಿಗೆ ಬರೆಯುವಾಗ ಮಾತಿನ ಕೊನೆಯನ್ನು ರಾಗವಾಗಿ ಎಳೆಯೋದಕ್ಕೂ ಇದೇ.

ನನ್ನ ಫೈಲುಗಳೆಲ್ಲ ಶಿಫ್ಟ್ ಜಿಸ್ ಎನ್‌ಕೋಡಿಂಗ್‌ನಲ್ಲಿವೆ, ಅಂದರೆ ಜಪಾನೀ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಹಳೆಯ ಪದ್ಧತಿಯಲ್ಲಿ. ಅಲ್ಲಿ ಅಲೆಗೆರೆ ಅಂದರೆ 81, 60 ಎಂಬ ಎರಡು ಬೈಟ್ (ಇಲ್ಲಿನ ಕೋಡ್‌ಗಳೆಲ್ಲ ಹದಿನಾರರ ಲೆಕ್ಕದಲ್ಲಿವೆ). ಇದರ ಬೇರು 1978ರ ಜಪಾನೀ ಮಾನಕದಲ್ಲಿದೆ: ಮೊದಲ ಸಾಲು, 33ನೇ ಮನೆ. ಇಲ್ಲಿವರೆಗೆ ಗೊಂದಲವೇ ಇಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ನಂಬರ್ ಕೊಡುವ ಯೂನಿಕೋಡ್‌ಗೆ ತರುವಾಗ ದಾರಿ ಎರಡಾಗುತ್ತದೆ. ಯೂನಿಕೋಡ್‌ನವರ ಹಳೆಯ ಪಟ್ಟಿ ಇದನ್ನು 301ಸಿ, ಅಂದರೆ ವೇವ್ ಡ್ಯಾಶ್, ಅನ್ನುತ್ತದೆ. ವಿಂಡೋಸ್ ಬಳಸುವ ಮೈಕ್ರೋಸಾಫ್ಟ್‌ನ ಪಟ್ಟಿ, ಕೋಡ್ ಪೇಜ್ 932 (ಸಿಪಿ932), ಅದೇ ಬೈಟ್‌ಗಳನ್ನು ಎಫ್‌ಎಫ್5ಇ, ಅಂದರೆ ಫುಲ್‌ವಿಡ್ತ್ ಟಿಲ್ಡ್ (~ ಚಿಹ್ನೆಯ ಅಗಲ ರೂಪ), ಅನ್ನುತ್ತದೆ. ಹಾಗಾಗಿ ವಿಂಡೋಸ್ ಕೀಲಿಮಣೆಯಿಂದ ಬರುವ ಅಲೆ ಒಂದು, ಮ್ಯಾಕ್‌ನಿಂದ ಬರುವ ಅಲೆ ಇನ್ನೊಂದು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಹುಡುಕಿದರೆ ಮಾತ್ರ ಒಂದಕ್ಕೊಂದು ಸಿಗೋದಿಲ್ಲ.

ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿ, 1991ರಲ್ಲಿ, 301ಸಿ ಚಿತ್ರವೇ ತಲೆಕೆಳಗಾಗಿ ಅಚ್ಚಾಗಿತ್ತು. ಮೇಲೆದ್ದು ಇಳಿಯಬೇಕಾದ ಅಲೆ ಮೊದಲು ಇಳಿದು ಆಮೇಲೆ ಏಳುತ್ತಿತ್ತು. ವಿಂಡೋಸ್ ಎಕ್ಸ್‌ಪಿ ಕಾಲದ ಜಪಾನೀ ಫಾಂಟ್‌ಗಳೂ ಅದನ್ನೇ ಅನುಸರಿಸಿದವು. ಫಾಂಟ್ ಮುಂದಿನ ವಿಂಡೋಸ್ ಆದ ವಿಸ್ತಾದಲ್ಲಿ ಸರಿಯಾಯಿತು. ಯೂನಿಕೋಡ್ ಪಟ್ಟಿ ಸರಿಯಾಗೋಕೆ 2015ರ 8.0 ಆವೃತ್ತಿ ಬರಬೇಕಾಯಿತು. ಇಷ್ಟು ದಿನಬಳಕೆಯ ಚಿಹ್ನೆಗೆ ಇಷ್ಟು ವರ್ಷ ಬೇಕಾಯಿತಲ್ಲ ಅಂತ ನನಗೆ ನಿಜಕ್ಕೂ ಬೇಜಾರಿದೆ.

ಈಗ ಪ್ರೋಗ್ರಾಂ ವಿಷಯ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 'ಶಿಫ್ಟ್ ಜಿಸ್' ಅಂತ ಕೊಟ್ಟು ಓದಿದರೆ 301ಸಿ ಬರುತ್ತದೆ, 'ಸಿಪಿ932' ಅಂತ ಕೊಟ್ಟರೆ ಎಫ್‌ಎಫ್5ಇ. ಮೊದಲನೆಯದೇ ಸಾಕಲ್ವಾ ಅನ್ನಿಸಬಹುದು. ಆದರೆ ಈ ಫೈಲುಗಳಲ್ಲಿ ವೃತ್ತದೊಳಗಿನ ಅಂಕಿಗಳು ಜಾಸ್ತಿ. ಅವು ಮಾನಕದಲ್ಲಿಲ್ಲ, ವಿಂಡೋಸ್ ಪಟ್ಟಿಯಲ್ಲಿವೆ. ಹಾಗಾಗಿ 'ಸಿಪಿ932'ರಲ್ಲೇ ಓದಿ, ಅಲೆಯನ್ನು ಆಮೇಲೆ ನಾನೇ 301ಸಿಗೆ ಬದಲಿಸುತ್ತೇನೆ.

ಈ ಬದಲಾವಣೆ ಯಾವಾಗ ಆಗಬೇಕು ಅನ್ನೋದು ಬಹಳ ಮುಖ್ಯ. ಒಂದೇ ಅಕ್ಷರದ ಬೇರೆ ಬೇರೆ ರೂಪಗಳನ್ನು ಒಂದಕ್ಕೆ ಇಳಿಸುವ ಯೂನಿಕೋಡ್‌ನ ಎನ್‌ಎಫ್‌ಕೆಸಿ ನಾರ್ಮಲೈಸೇಶನ್ ಎಲ್ಲವನ್ನೂ ಒಂದು ಮಾಡುತ್ತದೆ ಅಂತ ಸುಮ್ನೆ ನಂಬಿ ಬಿಡೋ ಹಾಗಿಲ್ಲ. ಅದು ಫುಲ್‌ವಿಡ್ತ್ ಟಿಲ್ಡನ್ನು ಮಾಮೂಲಿ ಟಿಲ್ಡ್ ಮಾಡುತ್ತದೆ, ವೇವ್ ಡ್ಯಾಶನ್ನು ಮುಟ್ಟುವುದೇ ಇಲ್ಲ. ಹಳೆಯ ವೆಬ್ ವಿಳಾಸಗಳಲ್ಲಿ ಬಳಕೆದಾರರ ಹೆಸರಿನ ಮುಂದೆ ಮಾಮೂಲಿ ಟಿಲ್ಡ್ ಇರುತ್ತದೆ. ರೈಲಿನ ದಾರಿ ಹೋಗಿ ವೆಬ್ ವಿಳಾಸದ ಜೊತೆ ಬೆರೆಯಬಾರದು. ಅದಕ್ಕೆ ಮೊದಲು ನನ್ನ ಬದಲಾವಣೆ, ನಂತರ ಎನ್‌ಎಫ್‌ಕೆಸಿ. ಎರಡೂ ಹುಡುಕಾಟದ ಪ್ರತಿಯಲ್ಲಿ ಮಾತ್ರ. ಮೂಲ ಫೈಲಿನ ಒಂದು ಬೈಟನ್ನೂ ನಾನು ಬದಲಿಸೋದಿಲ್ಲ, ಅದು ಬರೆದವರದು.

ಇದೇ ತೊಂದರೆ ಮೈನಸ್, ಜೋಡಿ ನಿಲುಗೆರೆ (‖), ಸೆಂಟ್, ಪೌಂಡ್ ಚಿಹ್ನೆಗಳಿಗೂ ಇದೆ. ಜೋಡಿ ನಿಲುಗೆರೆ ಮುಗಿಯಿತು. ಮೈನಸ್‌ಗೆ ಮಾತ್ರ ಬೇರೆ ದಾರಿ ಹಿಡಿದೆ. ಫೋನ್ ನಂಬರುಗಳಲ್ಲಿ ಅಗಲದ ಮೈನಸ್ ಇರುತ್ತದೆ, ಹುಡುಕುವವರು ಸಾದಾ ಹೈಫನ್ ಒತ್ತುತ್ತಾರೆ. ಹಾಗಾಗಿ ಎರಡು ಬಗೆಯ ಮೈನಸ್ಸನ್ನೂ ಹೈಫನ್‌ಗೇ ಇಳಿಸಿದ್ದೇನೆ.

ಈಗ ಯಾವ ಅಲೆ ಒತ್ತಿದರೂ ಟೋಕಿಯೊ〜ಒಸಾಕಾ ಸಾಲುಗಳೆಲ್ಲ ಬರುತ್ತಿವೆ. ಸಿಕ್ಕಿದ್ದನ್ನು ಮತ್ತೆ ಶಿಫ್ಟ್ ಜಿಸ್ ಫೈಲಾಗಿ ಉಳಿಸೋದು ಬಾಕಿ ಇದೆ. 301ಸಿ ಕೊಟ್ಟರೆ 'ಸಿಪಿ932' ಎರರ್ ಕೊಟ್ಟು ನಿಲ್ಲುತ್ತದೆ. ಹೊರಗೆ ಕಳಿಸುವಾಗ ಅದನ್ನು ಎಫ್‌ಎಫ್5ಇಗೆ ತಿರುಗಿಸುವ ಕೋಡ್ ಮುಂದಿನ ವಾರ ಬರೆಯುತ್ತೇನೆ.