ಇನ್ನು 90 ಮೀಟರ್

ಭಾನುವಾರ ಕೋಲಾರದ ಅಂತರಗಂಗೆ ಬೆಟ್ಟದಲ್ಲಿ ಜಿಯೋಕ್ಯಾಶ್ ಹುಡುಕಲು ಹೋಗಿದ್ದೆ. ಎಂದರೆ ಯಾರೋ ಬಚ್ಚಿಟ್ಟ ಪುಟ್ಟ ಡಬ್ಬಿ; ಮೊಬೈಲ್‌ನ ಜಿಪಿಎಸ್ ತೋರಿಸುವ ಜಾಗ ಹಿಡಿದು ಹುಡುಕಬೇಕು. ಸಿಕ್ಕವರು ಒಳಗಿನ ಚೀಟಿಯಲ್ಲಿ ಹೆಸರು ಬರೆದು ಅಲ್ಲೇ ಇಟ್ಟು ಬರಬೇಕು. 2000ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಟ.

ಮೊಬೈಲ್ ‘ಇನ್ನು 90 ಮೀಟರ್’ ಎಂದಿತು. ನೇರ ಹೊರಟೆ. ಆ 90 ಮೀಟರ್ ಎಂದರೆ ಆನೆಗಾತ್ರದ ಬಂಡೆಗಳು, ಮುಳ್ಳುಪೊದೆ, ಜೊತೆಗೆ ನನ್ನ ಚೀಲದ ಮೇಲೇ ಕಣ್ಣಿಟ್ಟ ಕೋತಿಗಳು. ಅರ್ಧ ಗಂಟೆ ಒದ್ದಾಡಿ ಮೊಣಕೈ ತರಚಿಕೊಂಡೆ. ಮೇಕೆ ಮೇಯಿಸುತ್ತಿದ್ದ ಅಜ್ಜಿ ನಕ್ಕರು: “ಅಲ್ಲಿ ಯಾಕಪ್ಪಾ ಹತ್ತುತ್ತೀಯ? ದೇವಸ್ಥಾನದ ಹಿಂದೆ ಕಾಲುದಾರಿ ಇದೆಯಲ್ಲ!”

ದೇವಸ್ಥಾನದ ಕಲ್ಲಿನ ಬಸವನ ಬಾಯಿಂದ ನೀರು ಬೀಳುವಲ್ಲಿಗೆ ಮರಳಿ ಇಳಿದು, ಸುತ್ತಿಕೊಂಡು ಹೋದೆ. ಹತ್ತೇ ನಿಮಿಷ. ದಾರಿ ಕೇಳುವ ಅಭ್ಯಾಸವನ್ನು ನಾನು ಯಾವಾಗ ಬಿಟ್ಟೆನೋ! ಚೀಟಿಯಲ್ಲಿ ಹೆಸರಿನ ಕೆಳಗೆ ‘ಅಜ್ಜಿಯ ನೆರವಿನಿಂದ’ ಎಂದು ಸೇರಿಸಿದೆ.