ಚಿಕ್ಕಮ್ಮನ ಶುದ್ಧ ಮಧ್ಯಮ

ಕಳೆದ ಭಾನುವಾರ ಚಿಕ್ಕಮ್ಮ ನಮ್ಮ ಮನೆಗೆ ಒಂದು ಹಾಡು ರೆಕಾರ್ಡ್ ಮಾಡಿಸಲು ಬಂದಿದ್ದರು. ಅಜ್ಜ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಪದ್ಯ. ರಾಗ ಹಾಕಿದ್ದು ಚಿಕ್ಕಮ್ಮನೇ, ಮೋಹನದಲ್ಲಿ. ಅವರಿಗೀಗ 64. ದನಿ ಇನ್ನೂ ಚೆನ್ನಾಗಿದೆ, ಆದರೆ ಉದ್ದ ಸಾಲುಗಳ ಕೊನೆಯಲ್ಲಿ ಉಸಿರು ಸಾಲದೆ ಪಂಚಮ, ಅಂದರೆ ಪ ಸ್ವರ, ಸ್ವಲ್ಪ ಇಳಿಯುತ್ತದೆ. "ಕಂಪ್ಯೂಟರಲ್ಲಿ ಸರಿ ಮಾಡ್ತಾರಂತಲ್ಲ, ಮಾಡ್ಕೊಡೋ" ಅಂದರು.

ಪಿಚ್ ಕರೆಕ್ಷನ್ ಸಾಫ್ಟ್‌ವೇರ್ ಮಾಡುವುದು ಇಷ್ಟೇ. ಹಾಡಿದ ದನಿ ಯಾವ ಸ್ವರಕ್ಕೆ ಹತ್ತಿರ ಇದೆ ಅಂತ ನೋಡಿ ಅಲ್ಲಿಗೆ ಎಳೆದು ಕೂರಿಸುತ್ತದೆ. 1997ರಲ್ಲಿ ಆಟೋಟ್ಯೂನ್ ಅನ್ನುವ ಇಂಥ ಸಾಫ್ಟ್‌ವೇರ್ ತಂದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮುಂಚೆ ನೆಲದಡಿಯ ಎಣ್ಣೆ ಹುಡುಕಲು ಸದ್ದಿನ ಅಲೆಗಳ ಲೆಕ್ಕ ಹಾಕುತ್ತಿದ್ದವರು. ಲೆಕ್ಕಕ್ಕೆ ಹತ್ತಿರದ ಸ್ವರ ಗೊತ್ತು, ರಾಗ ಗೊತ್ತಿಲ್ಲ. ನಾನು ಹನ್ನೆರಡೂ ಸ್ವರ ಆನ್ ಇಟ್ಟೇ ಪ್ಲೇ ಮಾಡಿಬಿಟ್ಟೆ. ಇಳಿದ ಪಂಚಮ ನೇರ ಅದರ ಕೆಳಗಿನ ಪ್ರತಿಮಧ್ಯಮದಲ್ಲಿ ಹೋಗಿ ಕೂತಿತು. ಮಧ್ಯಮವೇ ಇಲ್ಲದ ಮೋಹನದಲ್ಲಿ ಪ್ರತಿಮಧ್ಯಮ! ಚಿಕ್ಕಮ್ಮ ಹೆಡ್‌ಫೋನ್ ತೆಗೆದು ಪಕ್ಕಕ್ಕೆ ಇಟ್ಟರು.

ಆಗ ಪರದೆಯ ಕೆಳಗಿರುವ ಕೀಬೋರ್ಡ್ ತೋರಿಸಿದೆ. ಟೈಪ್ ಮಾಡುವುದಲ್ಲ, ಹಾರ್ಮೋನಿಯಂ ಮನೆಗಳ ಚಿತ್ರ. ಬೇಡದ ಮನೆಯನ್ನು ಒತ್ತಿದರೆ ಆ ಸ್ವರ ಲೆಕ್ಕದಿಂದ ಹೊರಗೆ. ಅವರಿಗೆ ನಾನು ಏನೂ ವಿವರಿಸಬೇಕಾಗಲಿಲ್ಲ. ಅವರ ಶ್ರುತಿ, ಅಂದರೆ ಅವರು ಸ ಹಿಡಿಯುವ ಮನೆ, ಐದೂವರೆ; ಇಂಗ್ಲಿಷಿನಲ್ಲಿ ಜಿ ಶಾರ್ಪ್. ಪರದೆಯ ಮೇಲೆ ಬೆರಳಿಟ್ಟು ಸ ರಿ ಗ ಪ ದ ಅಂತ ಎಣಿಸಿದರು: ಕಪ್ಪು, ಕಪ್ಪು, ಬಿಳಿ, ಕಪ್ಪು, ಬಿಳಿ. ಉಳಿದ ಏಳನ್ನೂ ನಾನು ಆಫ್ ಮಾಡಿದೆ. ಪಂಚಮ ಸರಿಯಾಯಿತು. ಗಾಂಧಾರದಿಂದ ರಿಷಭಕ್ಕೆ ಜಾರುವ ಕಡೆ ಮಾತ್ರ ದನಿ ಮೆಟ್ಟಿಲು ಇಳಿದ ಹಾಗೆ ಕೇಳುತ್ತಿತ್ತು, ಎಳೆಯಲು ಹಿಡಿಯುವ ಸಮಯವನ್ನು 15 ಮಿಲಿಸೆಕೆಂಡಿನಿಂದ 80ಕ್ಕೆ ಏರಿಸಿ ನಿಧಾನ ಮಾಡಿದ ಮೇಲೆ ಆ ಗಮಕವೂ, ಅಂದರೆ ಸ್ವರದ ಆ ಜಾರಾಟವೂ, ಉಳಿಯಿತು.

ಮುಗೀತು ಅಂದುಕೊಂಡೆ. ಎರಡನೇ ಚರಣಕ್ಕೆ ಬಂದಾಗ ಚಿಕ್ಕಮ್ಮ "ನಿಲ್ಲಿಸು" ಅಂದರು. 'ತವರು' ಅನ್ನುವ ಪದದಲ್ಲಿ ಅವರು ಶುದ್ಧ ಮಧ್ಯಮ, ಅಂದರೆ ಎರಡು ಮಧ್ಯಮಗಳಲ್ಲಿ ಕೆಳಗಿನದನ್ನು, ಮುಟ್ಟಿದ್ದರು. ಆ ಮನೆ ಆಫ್ ಆಗಿತ್ತಲ್ಲ, ಅದಕ್ಕೇ ಸ್ವರ ಪಕ್ಕದ ಗಾಂಧಾರಕ್ಕೆ ಬಿದ್ದುಹೋಗಿತ್ತು. ಮೊದಲು ರೆಕಾರ್ಡ್ ಮಾಡುವಾಗ ಅದು ತಪ್ಪಿ ಬಂದ ಸ್ವರ ಅಂತಲೇ ನಾನು ತಿಳಿದಿದ್ದೆ.

"ತಪ್ಪಲ್ಲ ಕಣೋ. ಬೇಕಂತಲೇ ಹಾಕಿದ್ದು. ಅಲ್ಲಿ ಅಷ್ಟು ನೋಯಬೇಕು."

ಹಾಗಂತ ಮಧ್ಯಮವನ್ನು ಪೂರ್ತಿ ಆನ್ ಮಾಡಿಟ್ಟರೂ ಕಷ್ಟ. ಗಾಂಧಾರದ ಗಮಕ ಸ್ವಲ್ಪ ಮೇಲೆ ಆಡಿದ ಕಡೆಯೆಲ್ಲ ಸಾಫ್ಟ್‌ವೇರ್ ಅದನ್ನು ಮಧ್ಯಮಕ್ಕೆ ಎಳೆಯಲು ಶುರು ಮಾಡಿತು. ಬೇಕಿದ್ದದ್ದು ಒಂದೇ ಒಂದು ಪದಕ್ಕೆ. ನನ್ನ ಸಾಫ್ಟ್‌ವೇರಿನಲ್ಲಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಆ ಮನೆ ಎಚ್ಚರವಾಗಿರುವ ಒಂದು ಸೆಟ್ಟಿಂಗ್ ಇದೆ. ಅದನ್ನು ಹಾಕಿ, ಹಾಡು ಓಡುತ್ತಿರುವ ಹಾಗೇ ಇನ್ನೊಂದು ಟ್ರ್ಯಾಕಿಗೆ ರೆಕಾರ್ಡ್ ಇಟ್ಟು, ಮೌಸ್ ಅವರ ಕೈಗೇ ಕೊಟ್ಟೆ.

ಮೊದಲ ಸಲ ಬೆರಳು ತಡವಾಯಿತು. ಎರಡನೇ ಸಲ ಬೇಗ ಬಿಟ್ಟರು. ಮೂರನೇ ಸಲ ಕಣ್ಣು ಮುಚ್ಚಿ, ತುಟಿಯಲ್ಲೇ ಹಾಡಿಕೊಳ್ಳುತ್ತಾ, 'ತ' ಬರುವ ಮುಂಚೆ ಮೆಲ್ಲಗೆ ಒತ್ತಿ 'ರು' ಮುಗಿಯುವವರೆಗೆ ಹಿಡಿದರು. ಹಾರ್ಮೋನಿಯಂ ಮುಂದೆ ಕೂತಾಗ ಅವರ ಮುಖ ಹೀಗೇ ಇರುತ್ತಿತ್ತು, ನಾನು ಚಿಕ್ಕವನಿದ್ದಾಗ ನೋಡಿದ್ದು. ಮಧ್ಯಮ ಸರಿಯಾಗಿ ನಿಂತಿತು.

ಕೊನೆಯ ಸಾಲಿನ ಪಂಚಮ ಒಂದು ಕೂದಲೆಳೆಯಷ್ಟು ಇಳಿದಿತ್ತು. ವೇಗ ಹೆಚ್ಚು ಮಾಡಿ ಎಳೆಯಲಾ ಅಂತ ಕೇಳಿದೆ.

"ಬೇಡ. ಅದು ನನ್ನ ಉಸಿರು, ಇರಲಿ ಬಿಡು" ಅಂದು ಹೆಡ್‌ಫೋನ್ ನನ್ನ ಕೈಗಿಟ್ಟರು.