ಕಾಕಾ ಕುಡಿತ ಬಿಟ್ಟ ಮೂರನೇ ದಿನ

ಜನವರಿ 30, 2025, ಗುರುವಾರ

ರಾತ್ರಿ ಹತ್ತು ದಾಟಿದೆ. ಈಗಷ್ಟೇ ರಾಯಚೂರಿನಿಂದ ಊರಿಗೆ ಬಂದೆ. ಕಾಕಾ ಆಸ್ಪತ್ರೆಯಲ್ಲೇ ಇದ್ದಾನೆ, ಕಾಕಿ ಜೊತೆಗಿದ್ದಾಳೆ.

ಸೋಮವಾರ ಸಂಜೆ ಮಗಳ ತಲೆ ಮೇಲೆ ಕೈ ಇಡಿಸಿ ಅವನಿಂದ ಆಣೆ ಮಾಡಿಸಿದವನು ನಾನೇ. "ಮನಸ್ಸು ಗಟ್ಟಿ ಮಾಡು ಕಾಕಾ, ಎಲ್ಲಾ ಆಗ್ತದ" ಅಂದಿದ್ದೆ. ಪಾಪ, ಗಟ್ಟಿ ಮಾಡಿದ. ಇಪ್ಪತ್ತು ವರ್ಷದ ಕುಡಿತ, ಆಮೇಲೆ ಒಂದು ತೊಟ್ಟೂ ಮುಟ್ಟಲಿಲ್ಲ. ಮಂಗಳವಾರ ಕೈ ನಡುಗಿತು. ಚಳಿಯಲ್ಲೂ ಅಂಗಿ ಒದ್ದೆಯಾಗುವಷ್ಟು ಬೆವರಿದ. ಎರಡು ದಿನ ಹೀಗಿರುತ್ತೆ, ಸರಿಹೋಗುತ್ತೆ ಅಂದುಕೊಂಡೆವು.

ನಿನ್ನೆ ರಾತ್ರಿ ಕೌದಿ ಮೇಲಿಂದ ಏನನ್ನೋ ಹೆಕ್ಕಿ ಹೆಕ್ಕಿ ಬಿಸಾಡತೊಡಗಿದ. "ಇರುವಿ ನೋಡು, ಎಷ್ಟು ಹರದಾಡಾಕತ್ತಾವ!" ಕೌದಿ ಮೇಲೆ ಏನೂ ಇರಲಿಲ್ಲ. ನನ್ನನ್ನು "ಅಣ್ಣಾ" ಅಂದ. ನಮ್ಮಪ್ಪ ತೀರಿಹೋಗಿ ಒಂಬತ್ತು ವರ್ಷ. ಪಕ್ಕದ ಮನೆಯವರು ಗಾಳಿ ಸೋಕಿದೆ, ತಾಯತ ಕಟ್ಟಿಸಿ ಅಂದರು. ಇನ್ನೊಬ್ಬರು ಒಂದು ನೈಂಟಿ ಹಾಕಿದರೆ ಇಳಿಯುತ್ತೆ ಅಂದರು. ನಸುಕಿನಲ್ಲಿ ಫಿಟ್ಸ್ ಬಂತು. ಆಗ ಗಾಡಿ ಮಾಡಿಕೊಂಡು ಓಡಿದೆವು.

ಡಾಕ್ಟರಮ್ಮ ಮೊದಲು ಕೇಳಿದ್ದು, ಕೊನೆಯ ಸಲ ಕುಡಿದದ್ದು ಯಾವಾಗ ಅಂತ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರನೇ ದಿನ ಮಿದುಳು ಕೆರಳುತ್ತೆ, ಜೀವವೇ ಹೋಗಬಹುದು ಅಂದರು. ಮೊದಲು ವಿಟಮಿನ್ ಬಿ1 ಇಂಜೆಕ್ಷನ್ ಕೊಟ್ಟೇ ಗ್ಲೂಕೋಸ್ ಹಾಕಿದರು. ನಡುಕಕ್ಕೆ ಬೇರೆ ಔಷಧಿ, ಅದನ್ನು ದಿನದಿಂದ ದಿನಕ್ಕೆ ಇಳಿಸುತ್ತಾರಂತೆ. ಡಾಕ್ಟರ ಕಣ್ಣೆದುರು ಬಿಡಿಸಬೇಕಾದ್ದನ್ನು ನಾನು ಆಣೆಯಲ್ಲಿ ಬಿಡಿಸಲು ಹೋಗಿದ್ದೆ. ಒಮ್ಮೆಲೇ ಬಿಡೋದು ಅಪಾಯ ಅನ್ನೋ ಈ ಮಾತು ನಮ್ಮೂರಲ್ಲಿ ಯಾರಿಗೂ ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನರ್ಸ್ 14416 ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಮಾಡಿದರೂ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಮಧ್ಯಾಹ್ನ ಕಾಕಾ ಮಲಗಿದ ಮೇಲೆ ಕಾಕಿ ಕೇಳಿದಳು, "ಇವತ್ತು ಯಾವ ತಾರೀಖು?" ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. 2019ರಲ್ಲಿ ಮದ್ಯ ನಿಷೇಧಕ್ಕೆ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಸಾವಿರಾರು ಹೆಣ್ಣುಮಕ್ಕಳಲ್ಲಿ ಇವಳೂ ಒಬ್ಬಳು. ಸುಮಾರು 200 ಕಿಲೋಮೀಟರ್. ಬೆಂಗಳೂರು ಮುಟ್ಟಿದ್ದು ಇದೇ ಜನವರಿ 30ಕ್ಕೆ. "ಕಾಲಾಗ ಗುಳ್ಳಿ ಎದ್ದಿದ್ವು. ಆದ್ರೂ ನಡದ್ವಿ. ಊರಿಗೆ ಬಂದ್ರ ಇವ ಅಂಗಡಿ ಕಟ್ಟಿ ಮ್ಯಾಲೆ ಕುಂತಿದ್ದ."

2007ರ ಜುಲೈನಲ್ಲಿ ಸಾರಾಯಿ ಬಂದ್ ಆದಾಗ ಇದೇ ಕಾಕಿ ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ಸಾರಾಯಿ ಪ್ಯಾಕೆಟ್ ಹೋಯಿತು, ವಿಸ್ಕಿ ಬ್ರಾಂಡಿ ಡಬ್ಬಿ ಬಂತು. ನಮ್ಮೂರಲ್ಲಿ ವೈನ್ ಶಾಪ್ ಇಲ್ಲ. ಬೇಕಾಗೂ ಇಲ್ಲ. ಕಿರಾಣಿ ಅಂಗಡಿಯಲ್ಲೇ ಸಿಗುತ್ತೆ, ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಕೊಟ್ಟರೆ ಆಯ್ತು. ಹೊಲಕ್ಕೆ ಹೋಗುವವರಿಗೆ ಬೆಳಿಗ್ಗೆ ಐದಕ್ಕೇ ತೆರೆದಿರುತ್ತೆ. ಕೂಲಿ ಮನೆ ತಲುಪೋ ಮೊದಲೇ ಅರ್ಧ ಅಲ್ಲೇ ಮುಗಿಯುತ್ತೆ.

ಬರುವಾಗ ಆ ಅಂಗಡಿ ಇನ್ನೂ ತೆರೆದಿತ್ತು. "ಕಾಕಾ ಹೆಂಗದಾನ?" ಅಂತ ಅಂಗಡಿಯವನು ಕಳಕಳಿಯಿಂದಲೇ ಕೇಳಿದ. ಅವನ ಬೆನ್ನ ಹಿಂದೆ ಬಿಸ್ಕತ್ತಿನ ರಟ್ಟಿನ ಡಬ್ಬ. ಒಳಗೇನಿದೆ ಅಂತ ಇಡೀ ಊರಿಗೆ ಗೊತ್ತು. ನನಗೆ ಮಾತೇ ಹೊರಡಲಿಲ್ಲ, ಹಾಗೇ ಬಂದೆ.

ಮನೆಗೆ ಬಂದು ಕಾಕಿಗೆ ಫೋನ್ ಮಾಡಿದೆ. ಸಂಜೆ ಎರಡೂ ಕೈಯಲ್ಲಿ ಲೋಟ ಹಿಡಿದು ಚಹಾ ಕುಡಿದನಂತೆ. ಅರ್ಧ ಚೆಲ್ಲಿದನಂತೆ. ಅವಳನ್ನು ಹೆಸರು ಹಿಡಿದು ಕರೆದನಂತೆ.

"ಮನಿಗೆ ಕರ್ಕೊಂಡ್ ಬರೋವಾಗ ಅಂಗಡಿ ದಾರಿ ಬ್ಯಾಡಪ್ಪಾ," ಅಂದಳು. "ಕೆರಿ ದಂಡಿ ಹಿಡದು ಬರೋಣು. ಗಾಡಿಯವನಿಗೆ ಈಗ್ಲೇ ಹೇಳಿಡು."